ಮೇಘದ ಉಗ್ರಾಣವೂ ಮನೆಯ ಚಿತ್ರಗಳೂ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಸ್ಮಾರ್ಟ್‌ಫೋನು ಇಲ್ಲದ ಮನೆ ಈಗ ಅಪರೂಪ. ಹಿಂದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದ ಭಾವಚಿತ್ರಗಳೂ, ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿಡುತ್ತಿದ್ದ ಕಾಗದಪತ್ರಗಳೂ ಆ ಅಂಗೈಯಗಲದ ಯಂತ್ರದೊಳಗೆ ಸೇರಿಹೋಗಿವೆ. ಯಂತ್ರವು ಒಡೆದರೆ, ಇಲ್ಲವೆ ಕಳುವಾದರೆ ಗತಿಯೇನೆಂದು ಹಿರಿಯರು ಕೇಳಿದರೆ, “ಎಲ್ಲವೂ ಕ್ಲೌಡಿನಲ್ಲಿದೆ” ಎಂದು ಮನೆಯ ಹುಡುಗರು ಧೈರ್ಯ ಹೇಳುವರು. ಆದರೆ ಆ ಕ್ಲೌಡಿನಲ್ಲಿ ನಮಗೆ ಎಷ್ಟು ಸ್ಥಳವಿದೆ, ಅದು ಯಾವುದರಿಂದ ತುಂಬುತ್ತದೆ, ತುಂಬಿದ ಮೇಲೆ ಏನಾಗುತ್ತದೆ ಎಂಬುದನ್ನು ವಿಚಾರಿಸಿದವರು ಕಡಮೆ. ಸ್ಥಳ ಮುಗಿಯಿತೆಂಬ ಸೂಚನೆ ಬಂದೊಡನೆ ಗಾಬರಿಯಿಂದ ಕೈಗೆ ಸಿಕ್ಕಿದುದನ್ನೆಲ್ಲ ಅಳಿಸಿ, ಉಳಿಸಿಕೊಳ್ಳಬೇಕಾದುದನ್ನೇ ಕಳೆದುಕೊಳ್ಳುವುದುಂಟು. ಆದಕಾರಣ ಈ ವಿಷಯವನ್ನು ಗೃಹಸ್ಥರು ತಿಳಿದಿರುವುದು ಅವಶ್ಯಕ.

ಕ್ಲೌಡ್ ಎಂದರೆ ಮೇಘ. ಹೆಸರು ಆಕಾಶದ್ದಾದರೂ ವಸ್ತುವು ನೆಲದ ಮೇಲಿನದೇ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿ, ಹಗಲಿರುಳೂ ವಿದ್ಯುಚ್ಛಕ್ತಿಯಿಂದ ನಡೆಯಿಸುವ ಗಣಕಯಂತ್ರಗಳಲ್ಲಿ ನಮಗೆ ಬಿಟ್ಟುಕೊಟ್ಟಿರುವ ಒಂದು ಭಾಗವೇ ನಮ್ಮ ಉಗ್ರಾಣ. ಗೂಗಲ್ ಕಂಪೆನಿಯವರು ಒಂದು ಖಾತೆಗೆ 15 ಜಿ.ಬಿ.ಯಷ್ಟು ಸ್ಥಳವನ್ನು ಉಚಿತವಾಗಿ ಕೊಡುತ್ತ ಬಂದಿದ್ದಾರೆ. ಜಿಮೇಲ್‌ನ ಪತ್ರಗಳಿಗೆ, ಡ್ರೈವ್‌ನ ಕಡತಗಳಿಗೆ, ಫೋಟೋಸ್‌ನ ಚಿತ್ರಗಳಿಗೆ ಬೇರೆಬೇರೆ ಸ್ಥಳವಿದೆಯೆಂದು ಅನೇಕರ ಭಾವನೆ; ಹಾಗಲ್ಲ. ಅವಿಭಕ್ತ ಕುಟುಂಬದ ಮೂವರು ಅಣ್ಣತಮ್ಮಂದಿರಿಗೆ ಉಗ್ರಾಣವೊಂದೇ. ಒಬ್ಬನು ತನ್ನ ಮೂಟೆಗಳನ್ನು ಮಾಳಿಗೆಯ ಮಟ್ಟಕ್ಕೆ ಒಟ್ಟಿದನೆಂದರೆ ಉಳಿದಿಬ್ಬರಿಗೆ ಒಂದು ಪಡಿ ಧಾನ್ಯವನ್ನಿಡಲೂ ಎಡೆಯಿರದು. ಫೋನಿನೊಳಗೆ ಇರುವ 128 ಜಿ.ಬಿ. ಮೊದಲಾದ ಸ್ಥಳಕ್ಕೂ ಈ ಉಗ್ರಾಣಕ್ಕೂ ಸಂಬಂಧವಿಲ್ಲ. ಒಂದು ಬರಿದಾಗಿದ್ದರೂ ಇನ್ನೊಂದು ತುಂಬಿರಬಹುದು.

ಈ ಮೂವರಲ್ಲಿ ಹೆಚ್ಚು ಸ್ಥಳ ಹಿಡಿಯುವವನಾರು? ಲೆಕ್ಕ ಹಾಕಿ ನೋಡೋಣ. 15 ಜಿ.ಬಿ. ಎಂದರೆ ಸುಮಾರು 15,000 ಎಂ.ಬಿ. ಬರಿಯ ಅಕ್ಷರಗಳ ಪತ್ರವು ಒಂದು ಎಂ.ಬಿ.ಯ ಅಲ್ಪ ಭಾಗವನ್ನೂ ಹಿಡಿಯದು. ಫೋನಿನಿಂದ ತೆಗೆದ ಚಿತ್ರವೊಂದಕ್ಕೆ 3 ಎಂ.ಬಿ. ಎಂದು ಹಿಡಿದರೆ 5,000 ಚಿತ್ರಗಳಿಗೆ ಉಗ್ರಾಣ ಭರ್ತಿ. ಚಲನಚಿತ್ರದ ಹೊಟ್ಟೆಬಾಕತನವಂತೂ ಹೇಳತೀರದು. ಈಗಿನ ಫೋನುಗಳಲ್ಲಿ ‘ನಾಲ್ಕು ಕೆ’ ಎಂಬ ಅತಿಸ್ಪಷ್ಟ ವಿಡಿಯೋ ನಿಮಿಷವೊಂದಕ್ಕೆ, ಅದನ್ನು ಅಡಕಮಾಡುವ ಕ್ರಮವನ್ನನುಸರಿಸಿ, 170ರಿಂದ 350 ಎಂ.ಬಿ.ವರೆಗೆ ಬೇಡುವುದು. ವಿಜಯನಗರದ ಯಾವುದೋ ಛತ್ರದಲ್ಲಿ ಮುಹೂರ್ತದಿಂದ ಆರತಿಯವರೆಗೆ ಮುಕ್ಕಾಲು ಗಂಟೆ ಹಾಗೆ ಹಿಡಿದರೆ, ಜೀವಮಾನದ ಪತ್ರಗಳಿಗೂ ಚಿತ್ರಗಳಿಗೂ ಆಗಬೇಕಾದ ಸ್ಥಳವು ಒಂದೇ ಮದುವೆಗೆ ತೀರಿಹೋದೀತು! ಅದನ್ನೇ ಒಂದು ಮೆಟ್ಟಿಲು ಕೆಳಗಿನ ಸ್ಪಷ್ಟತೆಯಲ್ಲಿ ತೆಗೆದರೆ ಸುಮಾರು ಮೂರನೆಯ ಒಂದು ಭಾಗ ಸಾಕು. ಫೋನಿನ ತೆರೆಯ ಮೇಲೆ ಕಣ್ಣಿಗೆ ಭೇದವೇ ಕಾಣದು.

ಇದಕ್ಕೆ ವಾಟ್ಸಾಪ್ ಸೇರಿತು. ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಪ್ರತಿಗಳನ್ನು ಗೂಗಲ್ ಕಂಪೆನಿಯವರು 2018ರ ನವೆಂಬರಿನಿಂದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 2024ರಲ್ಲಿ ಆ ಔದಾರ್ಯವು ಮುಗಿದು, ಅವೂ ಅದೇ 15 ಜಿ.ಬಿ.ಯ ಪಾಲಿಗೆ ಬಂದವು. ಬೆಳಗಾಗುತ್ತಲೇ ದೀಪವೂ ಹೂವೂ ಉಳ್ಳ ‘ಶುಭೋದಯ’ ಚಿತ್ರಗಳನ್ನು ಕಳುಹಿಸುವವರ ಮನಸ್ಸು ಒಳ್ಳೆಯದೇ. ಆದರೆ ಅದೇ ಚಿತ್ರವು ವಾಟ್ಸಾಪಿನ ಪ್ರತಿಯಲ್ಲೊಮ್ಮೆ, ವಾಟ್ಸಾಪಿನ ಚಿತ್ರಗಳನ್ನೂ ಫೋಟೋಸ್‌ಗೆ ಸೇರಿಸುವಂತೆ ಮಾಡಿಟ್ಟಿದ್ದರೆ ಅಲ್ಲೊಮ್ಮೆ, ಹೀಗೆ ಎರಡೆರಡು ಬಾರಿ ಸ್ಥಳ ಹಿಡಿಯುವುದು. ಆ ಸೇರ್ಪಡೆಯನ್ನು ನಿಲ್ಲಿಸಿ, ವಾಟ್ಸಾಪಿನ ಪ್ರತಿಯಿಂದ ವಿಡಿಯೋಗಳನ್ನು ಬಿಟ್ಟರೆ ಭಾರವು ಬಹುಮಟ್ಟಿಗೆ ಇಳಿಯುವುದು.

ಸ್ಥಳಕ್ಕಾಗಿ ಹಳೆಯ ಚಿತ್ರಗಳನ್ನು ಅಳಿಸುವವರು ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿಯತಕ್ಕದ್ದು. 2021ನೆಯ ಇಸವಿ ಜೂನ್ 1ಕ್ಕೆ ಮೊದಲು, ಗಾತ್ರ ತಗ್ಗಿಸುವ ಕ್ರಮದಲ್ಲಿ ಫೋಟೋಸ್‌ಗೆ ಸೇರಿದ ಚಿತ್ರಗಳು 15 ಜಿ.ಬಿ.ಯ ಲೆಕ್ಕಕ್ಕೇ ಬರುವುದಿಲ್ಲ. ಮಗುವಿನ ನಾಮಕರಣದ್ದೋ, ತೀರಿಹೋದ ಅಜ್ಜಿಯದೋ ಅಂತಹ ಹಳೆಯ ಚಿತ್ರವನ್ನು ಅಳಿಸಿದರೆ ಚಿತ್ರವು ಹೋಗುವುದೇ ಹೊರತು ಎಳ್ಳಷ್ಟು ಸ್ಥಳವೂ ದೊರೆಯದು. ಸ್ಥಳ ಬೇಕಾದವರು ದೊಡ್ಡ ವಿಡಿಯೋಗಳನ್ನೂ, ಪತ್ರಗಳಿಗೆ ಲಗತ್ತಾದ ಭಾರಿ ಕಡತಗಳನ್ನೂ ಮೊದಲು ನೋಡಬೇಕು. ಖಾತೆಯ ಸ್ಥಳದ ಪುಟದಲ್ಲಿ ಇವುಗಳ ಪಟ್ಟಿಯೇ ಸಿಗುವುದು. ಅಳಿಸಿದ ಪತ್ರಗಳೂ ಕಡತಗಳೂ ಮೂವತ್ತು ದಿನ ಕಸದ ಬುಟ್ಟಿಯಲ್ಲಿದ್ದು ಸ್ಥಳವನ್ನು ಹಿಡಿದೇ ಇರುವುದರಿಂದ ಅದನ್ನೂ ಬರಿದುಮಾಡಬೇಕು.

ಇನ್ನೊಂದು ಅಪಾಯವು ಇದಕ್ಕಿಂತ ಹಿರಿದು. ಕ್ಲೌಡಿನಲ್ಲಿರುವುದು ಬೇರೆ ಪ್ರತಿಯೆಂದು ನಂಬಿ ಫೋನಿನ ಚಿತ್ರಗಳನ್ನು ಫೋಟೋಸ್ ಮೂಲಕ ಅಳಿಸಿದರೆ ಅವು ಎರಡು ಕಡೆಯಲ್ಲಿಯೂ ಹೋಗುವುವು. ಅದು ನಕಲಲ್ಲ, ಕನ್ನಡಿ. ಐಫೋನಿನ ಐಕ್ಲೌಡ್ ಫೋಟೋಸ್‌ನಲ್ಲಿಯೂ ಹೀಗೆಯೇ; ಅಲ್ಲಿ ಉಚಿತ ಸ್ಥಳವು 5 ಜಿ.ಬಿ. ಮಾತ್ರ. ಫೋನನ್ನಷ್ಟೇ ಹಗುರಮಾಡಬೇಕಾದರೆ ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಎಂಬ ಏರ್ಪಾಡಿದೆ. ಅದು ಕ್ಲೌಡಿಗೆ ಸೇರಿದ ಚಿತ್ರಗಳ ಫೋನಿನ ಪ್ರತಿಯನ್ನು ಮಾತ್ರ ತೆಗೆಯುವುದು. ತಪ್ಪಿ ಅಳಿಸಿದ, ಕ್ಲೌಡಿಗೆ ಸೇರಿದ್ದ ಚಿತ್ರವು ಅರುವತ್ತು ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ಎಚ್ಚೆತ್ತರೆ ಮರಳಿ ಪಡೆಯಬಹುದು.

ಉಗ್ರಾಣ ತುಂಬಿದ ಮೇಲೆಯೂ ಫೋನು ಎಂದಿನಂತೆ ಚಿತ್ರ ತೆಗೆಯುತ್ತಲೇ ಇರುವುದರಿಂದ ಮನೆಯವರಿಗೆ ಏನೂ ತೋರದು. ಆದರೆ ಹೊಸ ಚಿತ್ರಗಳು ಕ್ಲೌಡಿಗೆ ಸೇರುವುದು ನಿಂತಿರುತ್ತದೆ. ಜಿಮೇಲ್‌ಗೆ ಬರುವ ಪತ್ರಗಳೂ ಕಳುಹಿಸಿದವರಿಗೇ ಹಿಂದಿರುಗುತ್ತವೆ. ಕೆಲಸಕ್ಕೆ ಅರ್ಜಿ ಹಾಕಿ ಉತ್ತರಕ್ಕೆ ಕಾದಿರುವ ಮಗನಿಗೋ ಮಗಳಿಗೋ ಇದರಿಂದಾಗುವ ನಷ್ಟವನ್ನು ವಾಚಕರೇ ಊಹಿಸಬಹುದು. ಎರಡು ವರ್ಷ ಮಿತಿಮೀರಿಯೇ ಇದ್ದರೆ ಒಳಗಿರುವುದನ್ನೂ ಅಳಿಸುವ ಹಕ್ಕನ್ನು ಕಂಪೆನಿಯವರು ಇಟ್ಟುಕೊಂಡಿದ್ದಾರೆ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನೇ ತೆಗೆದುಹಾಕುವ ನಿಯಮವು 2023ರ ಡಿಸೆಂಬರಿನಿಂದ ನಡೆಯುತ್ತಿದೆ.

ಈ ಕೊನೆಯ ನಿಯಮವು ಹಿರಿಯರಿರುವ ಮನೆಗಳಿಗೆ ಮುಖ್ಯ. ಯಜಮಾನರು ಕಾಲವಾದ ಮೇಲೆ ಅವರ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಕ್ಲೌಡಿನಲ್ಲಿರುವ ಅವರ ಚಿತ್ರಗಳಿಗೂ ದಿನ ಎಣಿಕೆ ತೊಡಗಿದಂತೆಯೇ. ಇದಕ್ಕೆ ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಏರ್ಪಾಡನ್ನು ಗೂಗಲ್ ಕಂಪೆನಿಯವರು 2013ರಲ್ಲಿಯೇ ಮಾಡಿದರು. ಖಾತೆದಾರರು ತಾವಿರುವಾಗಲೇ ಹತ್ತು ಮಂದಿಯವರೆಗೆ ಹೆಸರಿಸಿಡಬಹುದು. ಅವರು ಗೊತ್ತುಮಾಡಿದ ಅವಧಿ, ಎಂದರೆ ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ, ಖಾತೆಯು ಸುಮ್ಮನಿದ್ದರೆ ಅವರಿಗೆ ಸೂಚನೆ ಹೋಗಿ, ಅನುಮತಿಸಿದ್ದನ್ನು ಇಳಿಸಿಕೊಳ್ಳಲು ಅವಕಾಶ ದೊರೆಯುವುದು. ಅಲ್ಲದೆ ‘ಟೇಕ್‌ಔಟ್’ ಎಂಬ ಮತ್ತೊಂದು ಏರ್ಪಾಡಿನ ಮೂಲಕ ಚಿತ್ರಗಳೆಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡು, ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ಆ ಪ್ರತಿಗೆ ಕ್ಲೌಡಿನಲ್ಲಿ ಅಳಿಸಿದ್ದು ತಟ್ಟುವುದಿಲ್ಲ.