ದೇವಕುಮಾರ ಎಂಬ ಮಾತು

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಿಂದ ಉತ್ತರಕ್ಕೆ ಹೋದರೆ ಮೇಲುಕೋಟೆಯ ಬೆಟ್ಟ. ದಕ್ಷಿಣಕ್ಕೆ ಇಳಿದರೆ ಶ್ರೀರಂಗಪಟ್ಟಣದ ದ್ವೀಪ, ಆ ದ್ವೀಪದ ಗಂಜಾಮಿನಲ್ಲಿ ಒಂದು ಹಳೆಯ ಇಗರ್ಜಿ. ಬೆಟ್ಟದ ಮೇಲಿನ ದೇವರು ಒಬ್ಬ ಸಂನ್ಯಾಸಿಯ ಮಗ. ಇಗರ್ಜಿಯಲ್ಲಿ ಪೂಜೆಗೊಳ್ಳುವವನು ದೇವರ ಮಗ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಕ್ರೈಸ್ತಧರ್ಮದ ಅತ್ಯಂತ ಕಠಿನವಾದ ಪರಿಭಾಷೆಯೊಂದು ನಮಗೆ ಸ್ವಲ್ಪ ಸುಲಭವಾದೀತು.

ಮೇಲುಕೋಟೆಯ ಉತ್ಸವಮೂರ್ತಿಯ ಕಥೆ ಕೇಳದವರು ಕಡಮೆ. ದಿಲ್ಲಿಗೆ ಹೋಗಿದ್ದ ಆ ಮೂರ್ತಿಯನ್ನು ಅರಸಿಕೊಂಡು ರಾಮಾನುಜಾಚಾರ್ಯರು ಹೋದರು. ಅವರು ಕರೆದೊಡನೆ ವಿಗ್ರಹ ತಾನಾಗಿ ಬಂದು ಅವರ ತೊಡೆಯೇರಿತು. ಆಚಾರ್ಯರು ಅದನ್ನು ಚೆಲುವಪಿಳ್ಳೆ ಎಂದು ಕರೆದರು. ಅಂದಿನಿಂದ ಆ ದೇವರು ಯತಿರಾಜನ ಸಂಪತ್ಕುಮಾರ. ಇದು ಸಂಪ್ರದಾಯ ಹೇಳುವ ಕಥೆ. ಚರಿತ್ರೆಯ ತಕ್ಕಡಿಯಲ್ಲಿ ಅದನ್ನು ತೂಗುವುದು ಇಲ್ಲಿ ಅಪ್ರಸ್ತುತ. ಗಮನಿಸಬೇಕಾದದ್ದು ಬೇರೆ. ಸಂನ್ಯಾಸಿಗೆ ಮಗ ಹೇಗೆ ಎಂದು ವೈರಮುಡಿಗೆ ನೆರೆಯುವ ಜನರಲ್ಲಿ ಯಾರೂ ಕೇಳುವುದಿಲ್ಲ. ಮಗ ಎಂದರೆ ಹೆರಿಗೆಯ ಸಂಗತಿಯಷ್ಟೇ ಅಲ್ಲ, ಒಂದು ಸಂಬಂಧದ ಹೆಸರೂ ಹೌದು ಎಂಬುದು ಅವರಿಗೆ ವಿವರಿಸದೆಯೇ ಗೊತ್ತು.

ಆದರೂ ‘ದೇವಕುಮಾರ’ ಎಂದ ಕೂಡಲೇ ನಮ್ಮ ಮನಸ್ಸು ಬೇರೊಂದು ದಾರಿ ಹಿಡಿಯುತ್ತದೆ. ಕುಮಾರವ್ಯಾಸನನ್ನು ಓದಿಯೋ ಗಮಕಿಗಳ ಬಾಯಲ್ಲಿ ಕೇಳಿಯೋ ಬೆಳೆದವರಿಗೆ ಕರ್ಣ ಸೂರ್ಯನ ಮಗ, ಭೀಮ ವಾಯುವಿನ ಮಗ, ಪಾರ್ಥ ಇಂದ್ರನ ಮಗ. ಆ ಸಾಲಿನಲ್ಲಿಯೇ ಮರಿಯಳ ಮಗ ಯೇಸುವನ್ನೂ ಕೂರಿಸಿಬಿಡುವುದು ಸಹಜ. ಆದರೆ ಕ್ರೈಸ್ತ ಚಿಂತಕರು ಮೊದಲಿನಿಂದಲೂ ತಳ್ಳಿಹಾಕಿದ ಅರ್ಥ ಇದೇ. ದೇವರು ಹಡೆಯುವವನಲ್ಲ, ಹುಟ್ಟಿದವನೂ ಅಲ್ಲ ಎಂದು ಸಾರುವ ಕುರಾನಿನ 112ನೆಯ ಅಧ್ಯಾಯವನ್ನು ಮುಸಲ್ಮಾನರು ಕ್ರೈಸ್ತರಿಗೆ ಎದುರಾಗಿ ಹೇಳುವುದುಂಟು. ದೇಹದಿಂದ ದೇಹ ಹುಟ್ಟುವ ಅರ್ಥದಲ್ಲಾದರೆ ಕ್ರೈಸ್ತ ಪಂಡಿತರೂ ಆ ಮಾತನ್ನು ಒಪ್ಪುತ್ತಾರೆ. ವಿವಾದ ನಿಜವಾಗಿ ಇರುವುದು ಅದರಾಚೆಗೆ. ಕನ್ಯೆಯಲ್ಲಿ ಹುಟ್ಟಿದ್ದರಿಂದ ಯೇಸು ದೇವರ ಮಗನಾದ ಎಂಬುದೂ ಸರಿಯಲ್ಲ. ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಹಳೆಯದೆಂದು ಬಹುಮಂದಿ ವಿದ್ವಾಂಸರು ಎಣಿಸುವ ಮಾರ್ಕನ ಸುವಾರ್ತೆಯಲ್ಲಿ ಜನನದ ಕಥೆಯೇ ಇಲ್ಲ. ಪೌಲನ ಪತ್ರಗಳಲ್ಲಿಯೂ ಕನ್ಯಾಜನನದ ಪ್ರಸ್ತಾಪವಿಲ್ಲ. ‘ಮಗ’ ಎಂಬ ಮಾತು ಮಾತ್ರ ಎರಡರಲ್ಲಿಯೂ ಧಾರಾಳವಾಗಿದೆ.

ಹಾಗಾದರೆ ಆ ಮಾತು ಎಲ್ಲಿಂದ ಬಂತು? ಯೆಹೂದ್ಯರ ಶಾಸ್ತ್ರದಲ್ಲಿ ಅದಕ್ಕೆ ಹಲವು ಬಳಕೆಗಳಿವೆ. ದೇವದೂತರು ದೇವಪುತ್ರರು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಗೊಂಡ ಇಸ್ರಾಯೇಲ್ ಜನಾಂಗವೆಲ್ಲ ದೇವರ ಚೊಚ್ಚಲ ಮಗ. ದಾವೀದನ ವಂಶದ ರಾಜನು ಪಟ್ಟವೇರಿದಾಗ ದೇವರು ಅವನನ್ನು ಮಗನೆಂದು ಕರೆಯುತ್ತಾನೆ. ಇವುಗಳಲ್ಲಿ ಎಲ್ಲಿಯೂ ಜನ್ಮದ ಕಲ್ಪನೆಯಿಲ್ಲ. ಆಯ್ಕೆ, ಹೊಣೆ, ವಿಧೇಯತೆ ಇವೆ. ಇತ್ತ ರೋಮಿನಲ್ಲಿ ಅದೇ ಮಾತಿಗೆ ಅಧಿಕಾರದ ಠಸ್ಸೆ ಬಿದ್ದಿತ್ತು. ಜೂಲಿಯಸ್ ಸೀಸರನನ್ನು ದೈವವೆಂದು ಸಾರಿದ ಮೇಲೆ ಅವನ ದತ್ತುಪುತ್ರ ಆಗಸ್ಟಸ್ ತನ್ನನ್ನು ದೈವಪುತ್ರನೆಂದು ಕರೆದುಕೊಂಡ; ಆಗಸ್ಟಸನ ದತ್ತುಪುತ್ರ ತಿಬೇರಿಯಸ್ ತನ್ನ ನಾಣ್ಯಗಳ ಮೇಲೆ ತಾನು ದೈವಿಕ ಆಗಸ್ಟಸನ ಮಗನೆಂದು ಅಚ್ಚು ಹಾಕಿಸಿದ. ಈ ತಿಬೇರಿಯಸನ ಬೆಳ್ಳಿನಾಣ್ಯ ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಅಗೆತದಿಂದ ಹೊರಬಂದಿದೆ. ಅವನ ಆಳ್ವಿಕೆಯಲ್ಲಿಯೇ ಯೇಸು ಶಿಲುಬೆಗೇರಿದ್ದು. ಆ ಕಾಲದಲ್ಲಿ ಒಬ್ಬ ಬಡಗಿಯನ್ನು ದೇವರ ಮಗನೆನ್ನುವುದು ಬರಿಯ ಭಕ್ತಿಯ ಮಾತಾಗಿರಲಿಲ್ಲ, ಅಪಾಯದ ಮಾತೂ ಆಗಿತ್ತು.

ಮಾರ್ಕನು ಈ ಮಾತನ್ನು ಬಳಸಿರುವ ರೀತಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದದ್ದು. ಅವನ ಕಥನದೊಳಗೆ ಆಕಾಶವಾಣಿಯೊಂದು ಯೇಸುವನ್ನು ಮಗನೆಂದು ಕರೆಯುತ್ತದೆ. ದೆವ್ವಗಳು ಗುರುತಿಸಿ ಕೂಗುತ್ತವೆ. ಜೊತೆಯಲ್ಲಿಯೇ ನಡೆದ ಶಿಷ್ಯರ ಬಾಯಲ್ಲಿ ಮಾತ್ರ ಆ ಪದ ಬರುವುದಿಲ್ಲ. ಕಟ್ಟಕಡೆಗೆ ಅದನ್ನು ಒಪ್ಪಿ ಆಡುವ ಮನುಷ್ಯ, ಶಿಲುಬೆಯ ಬುಡದಲ್ಲಿ ಕಾವಲು ನಿಂತ ರೋಮಿನ ಶತಾಧಿಪತಿ. ಅದೂ ಯೇಸು ಪ್ರಾಣ ಬಿಟ್ಟ ರೀತಿಯನ್ನು ಕಂಡು. ಪವಾಡವನ್ನು ಕಂಡಲ್ಲ, ಸಾವನ್ನು ಕಂಡು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಬಾಳಿನಿಂದ ಕಡೆಯ ದಿನವೊಂದನ್ನೇ ಆರಿಸಿಕೊಂಡು ‘ಗೊಲ್ಗೊಥಾ’ ಬರೆದದ್ದು ಇಲ್ಲಿ ನೆನಪಾಗುತ್ತದೆ. ಮಗತನದ ಅರ್ಥ ಎಲ್ಲಿ ಬಿಚ್ಚಿಕೊಳ್ಳುತ್ತದೆಂಬುದನ್ನು ಆ ಕವಿ ಚೆನ್ನಾಗಿ ಬಲ್ಲರು.

ಹಿಂದಿನ ರಾತ್ರಿ ಗೆತ್ಸೆಮನೆಯ ತೋಟದಲ್ಲಿ ಯೇಸು ಪ್ರಾರ್ಥಿಸುವಾಗ ಆಡಿದ ‘ಅಬ್ಬಾ’ ಎಂಬ ಅರಮಾಯಿಕ್ ಪದವನ್ನು ಮಾರ್ಕನು ಗ್ರೀಕಿನ ನಡುವೆ ಹಾಗೆಯೇ ಉಳಿಸಿದ್ದಾನೆ. ಮನೆಯಲ್ಲಿ ತಂದೆಯನ್ನು ಕರೆಯುವ ಮಾತು ಅದು. ಕನ್ನಡ ಬೈಬಲಿನಲ್ಲಿ ಅದು ‘ಅಪ್ಪಾ’ ಎಂದೇ ಆಗಿದೆ. ಧ್ವನಿಸಾಮ್ಯ ಆಕಸ್ಮಿಕ, ಆದರೆ ಅನುವಾದಕನಿಗೆ ಇಂಥ ಭಾಗ್ಯ ಅಪರೂಪ. ಈ ‘ಅಬ್ಬಾ’ ಲ್ಯಾಟಿನ್ನಿನ ಮೂಲಕ ಹಾದು ಫ್ರೆಂಚಿನಲ್ಲಿ ಪಾದ್ರಿಗಳ ಬಿರುದಾದ ‘ಅಬ್ಬೆ’ಯಾಯಿತು. ನಮ್ಮ ಹಳೆಯ ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ! ಗಂಜಾಮಿನ ಇಗರ್ಜಿಯನ್ನು ಕಟ್ಟಿಸಿದ ಅಬ್ಬೆ ದ್ಯುಬುವಾನಿಗೆ ಈ ತಮಾಷೆ ಹೊಳೆದಿತ್ತೋ ಏನೋ. ಅವನ ವಿಷಯಕ್ಕೆ ಮತ್ತೆ ಬರುತ್ತೇನೆ.

ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿ ಒಂದು ಸರಳ ತರ್ಕವನ್ನು ಮುಂದಿಟ್ಟ. ತಂದೆ ಮೊದಲು, ಮಗ ಆಮೇಲೆ. ಆದ್ದರಿಂದ ಮಗ ಇಲ್ಲದಿದ್ದ ಸ್ಥಿತಿಯೊಂದು ಇದ್ದಿರಲೇಬೇಕು. ಆದ್ದರಿಂದ ಅವನು ಎಷ್ಟೇ ಶ್ರೇಷ್ಠನಾದರೂ ಸೃಷ್ಟಿಗೊಂಡವನು. ತಂದೆ ನನಗಿಂತ ದೊಡ್ಡವನೆಂಬ ಅರ್ಥದ ಯೇಸುವಿನ ನುಡಿಯೂ ಅವನ ಬೆಂಬಲಕ್ಕಿತ್ತು. ಬಂದರಿನ ಜನ ಅವನ ಸಿದ್ಧಾಂತವನ್ನು ಹಾಡು ಕಟ್ಟಿ ಹಾಡಿದರಂತೆ. ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯದಲ್ಲಿ ಕರೆದ ಸಭೆ ಈ ವಾದವನ್ನು ನಿರಾಕರಿಸಿತು. ಮಗನು ಮಾಡಲ್ಪಟ್ಟವನಲ್ಲ, ತಂದೆಯಿಂದ ಜನಿತನು. ತಂದೆಯೊಡನೆ ಏಕಸತ್ತ್ವನು ಎಂಬುದು ಸಭೆಯ ನಿರ್ಣಯ. ಕುಂಬಾರ ಮಾಡುವ ಮಡಕೆ ಕುಂಬಾರನಲ್ಲ. ದೀಪದಿಂದ ಹೊಮ್ಮುವ ಬೆಳಕಾದರೋ ದೀಪದ್ದೇ, ದೀಪ ಹೊತ್ತಿದ ಎಷ್ಟೋ ಹೊತ್ತಿನ ಮೇಲೆ ಹುಟ್ಟಿದ್ದಲ್ಲ. ತಂದೆ ಎಂದೂ ಮಗನಿಲ್ಲದೆ ತಂದೆಯಾಗಿರಲಿಲ್ಲ. ಹೀಗೆ ‘ಮಗ’ ಎಂಬುದು ಕಾಲದಲ್ಲಿ ನಡೆದ ಘಟನೆಯಾಗದೆ ದೇವತ್ವದೊಳಗಿನ ನಿತ್ಯಸಂಬಂಧವಾಯಿತು. ಏಕಸತ್ತ್ವ ಬೇಡ, ಸದೃಶಸತ್ತ್ವ ಎಂದರೆ ಸಾಕು ಎಂದು ಮುಂದೆ ಕೆಲವರು ರಾಜಿಗೆ ಬಂದರು. ಗ್ರೀಕಿನಲ್ಲಿ ಈ ಎರಡು ಪದಗಳಿಗೂ ಒಂದೇ ಅಕ್ಷರದ ಅಂತರ. ಒಂದಕ್ಷರಕ್ಕಾಗಿ ಕಚ್ಚಾಡಿದರೆಂದು ನಗುವವರುಂಟು. ಆದರೆ ದ್ವೈತ ಅದ್ವೈತಗಳ ನಡುವೆಯೂ ಒಂದೇ ಅಕ್ಷರವಲ್ಲವೆ?

ಏರಿಯಸನನ್ನು ಎದುರಿಸಿ ಐದು ಬಾರಿ ಗಡೀಪಾರಾದ ಅಥನೇಸಿಯಸನ ಕಳವಳ ತರ್ಕದ್ದು ಮಾತ್ರವಾಗಿರಲಿಲ್ಲ. ಮಗನೂ ನಮ್ಮಂತೆ ಸೃಷ್ಟಿಯಾದರೆ, ಮಗತನ ಅವನಿಗೂ ಪಡೆದುಕೊಂಡ ಪದವಿಯೇ ಆದರೆ, ಅವನು ನಮ್ಮನ್ನು ದೇವರ ಮಕ್ಕಳನ್ನಾಗಿ ಮಾಡುವುದು ಹೇಗೆ? ದೇವರು ತಾನೇ ಬಂದನೋ, ಆಳನ್ನು ಕಳಿಸಿದನೋ? ಪ್ರಶ್ನೆ ಅಷ್ಟು ನೇರವಾದದ್ದು.

ಕನ್ನಡಕ್ಕೆ ಈ ವಿಚಾರವನ್ನು ತಂದವರ ಪರದಾಟವೂ ಸಣ್ಣದಲ್ಲ. ಕಥೋಲಿಕರು ‘ಪಿತ, ಸುತ’ ಎನ್ನುತ್ತಾರೆ. ಮನೆಯಲ್ಲಿ ಯಾರೂ ಮಗನನ್ನು ಸುತ ಎಂದು ಕರೆಯುವುದಿಲ್ಲವಾದ್ದರಿಂದ ಆ ಪದ ಲೌಕಿಕದಿಂದ ತಾನಾಗಿ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ಪ್ರಾಟೆಸ್ಟಂಟರ ಬೈಬಲಿನಲ್ಲಿ ‘ದೇವಕುಮಾರ’. 1862ರಲ್ಲಿ ‘ಕಥಾಮಾಲೆ’ ಬರೆದ ಕಿಟೆಲ್ ಕ್ರಿಸ್ತಚರಿತೆಗೆ ನಮ್ಮ ಷಟ್ಪದಿಯನ್ನೇ ತೊಡಿಸಿದರು. ಯೋಹಾನನು ಮಗನಿಗೆ ಕೊಟ್ಟ ಇನ್ನೊಂದು ಹೆಸರನ್ನು ‘ವಾಕ್ಯ’ ಎಂದು ಕನ್ನಡಿಸಿರುವುದು ಮಾತ್ರ ನನಗೆ ಸಮಾಧಾನವಿಲ್ಲ. ಶಬ್ದಬ್ರಹ್ಮದ ಕಲ್ಪನೆ ಬೆಳೆದ ನಾಡಿನಲ್ಲಿ ವ್ಯಾಕರಣದ ವಾಕ್ಯಕ್ಕಿಂತ ‘ವಾಕ್ಕು’ ಹೆಚ್ಚು ಒಪ್ಪುತ್ತಿತ್ತು.

ಇನ್ನು ಪೌಲನ ಮಾತು. ಯೇಸು ಸ್ವಭಾವದಿಂದ ಮಗ, ಉಳಿದವರು ಅವನ ಮೂಲಕ ದತ್ತುಮಕ್ಕಳು ಎಂಬ ವಿಭಾಗ ಅವನ ಪತ್ರಗಳಿಂದ ಬೆಳೆದದ್ದು. ಔರಸನಿಗೂ ದತ್ತಕನಿಗೂ ಇರುವ ಭೇದವನ್ನು ಧರ್ಮಶಾಸ್ತ್ರ ಬಲ್ಲ ನಮಗೆ ವಿವರಿಸಬೇಕಾಗಿಲ್ಲ. ಮೈಸೂರಿನವರಿಗಂತೂ ಇಲ್ಲವೇ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ಆಂಗ್ಲ ಸರ್ಕಾರ 1867ರವರೆಗೆ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಕೊನೆಗೆ 1881ರಲ್ಲಿ ರಾಜ್ಯ ಹಿಂದಿರುಗಿದ್ದು ಆ ದತ್ತುಪುತ್ರನ ಕೈಗೆ. ದತ್ತು ನಿಂತರೆ ರಾಜ್ಯ, ಬಿದ್ದರೆ ಏನೂ ಇಲ್ಲ. ಪೌಲನ ಮನಸ್ಸಿನಲ್ಲಿದ್ದ ರೋಮಿನ ಕಾನೂನಿನಲ್ಲಿಯೂ ಹಾಗೆಯೇ: ದತ್ತುಮಗ ಹಕ್ಕಿನಲ್ಲಿ ಹೆತ್ತ ಮಗನಿಗೆ ಸಮ, ಪೂರ್ಣ ವಾರಸುದಾರ. ಹೆಣ್ಣುಮಕ್ಕಳ ಗತಿಯೇನು ಎಂದು ಕೇಳಬಹುದು. ಪೌಲನು ಕ್ರಿಸ್ತನಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲವೆಂದು ಹೇಳಿದ ಬೆನ್ನಿಗೇ ಎಲ್ಲರನ್ನೂ ‘ಪುತ್ರರು’ ಎನ್ನುತ್ತಾನೆ, ವಾರಸುದಾರಿಕೆ ಸ್ತ್ರೀಯರಿಗೂ ಪೂರ್ತಿಯಾಗಿ ಸಲ್ಲಲೆಂದು. ನಮ್ಮಲ್ಲಿ ಹೆಣ್ಣುಮಗುವನ್ನು ದತ್ತು ಪಡೆಯಲು 1956ರ ಹಿಂದೂ ದತ್ತಕ ಕಾಯಿದೆ ಬರಬೇಕಾಯಿತು.

ಈಗ ಗಂಜಾಮಿನ ಅಬ್ಬೆಯ ಕಡೆಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ್ದ ಕ್ರೈಸ್ತರನ್ನು ಕೂಡಿಸಲು ಬಂದವನು ದ್ಯುಬುವಾ. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಮತ ಬಿಟ್ಟಿದ್ದವರೂ ಅವನ ಸಭೆಗೆ ಮರಳಿದರು. ಕಾವಿಯುಟ್ಟು, ಇಲ್ಲಿಯ ಊಟ ಉಂಡು, ಜನರಿಂದ ‘ದೊಡ್ಡಸ್ವಾಮಿ’ ಎನಿಸಿಕೊಂಡು 1823ರಲ್ಲಿ ಅವನು ಫ್ರಾನ್ಸಿಗೆ ಹಿಂದಿರುಗಿದ. ಅದೇ ವರ್ಷ ಪ್ರಕಟವಾದ ಅವನ ಪತ್ರಗಳಲ್ಲಿ ದೇಶಭಾಷೆಗಳ ಬೈಬಲ್ ಅನುವಾದಗಳ ಮೇಲೆ ಕಟುವಾದ ಟೀಕೆಯಿದೆ, ಜೊತೆಗೆ ಒಂದು ಪ್ರಸಂಗವೂ ಇದೆ. ಒಮ್ಮೆ ಅವನು ತಪ್ಪಿಹೋದ ಮಗನ ಸಾಮತಿಯನ್ನು ಸಭೆಗೆ ವಿವರಿಸಿದ. ಆಸ್ತಿಯ ಪಾಲನ್ನು ಹಾಳುಮಾಡಿಕೊಂಡ ಮಗ, ಇನ್ನು ನಿನ್ನ ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನಂತೆ ಇಟ್ಟುಕೋ ಎಂದು ಹೇಳಲು ಮಾತು ಹೊಂದಿಸಿಕೊಂಡು ಬರುತ್ತಾನೆ. ಲೂಕನ ಪಾಠವನ್ನು ಎಚ್ಚರದಿಂದ ಓದಿದರೆ, ಕೂಲಿಯ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆ ಉಡುಪು, ಉಂಗುರ, ಜೋಡುಗಳನ್ನು ತರಿಸಿ ಔತಣಕ್ಕೆ ಕೊಬ್ಬಿದ ಕರುವನ್ನು ಕೊಯ್ಯಲು ಹೇಳಿಬಿಟ್ಟಿರುತ್ತಾನೆ. ಪ್ರವಚನ ಮುಗಿದ ಮೇಲೆ ಸಭೆಯ ಕೆಲವರು ಬೇಸರದಿಂದ ಅಬ್ಬೆಯ ಬಳಿ ಬಂದರು. ಕರುವಿನ ಮಾತು ಎತ್ತಬಾರದಿತ್ತು, ಹಿಂದೂಗಳು ಯಾರಾದರೂ ಕೇಳಿದ್ದರೆ ನಮ್ಮ ಮತವನ್ನು ಕೀಳೆಂದುಕೊಳ್ಳುತ್ತಿದ್ದರು, ಇನ್ನು ಮುಂದೆ ಕುರಿಮರಿ ಎಂದು ಹೇಳಿರಿ ಎಂದು ಸಲಹೆಯಿತ್ತರು. ಅವನು ಬರೆದಿಟ್ಟಿರುವ ಆಕ್ಷೇಪಣೆ ಕರುವಿನದೊಂದೇ. ಮಗನನ್ನು ಮತ್ತೆ ಮಗನೆಂದು ಒಳಕ್ಕೆ ಕರೆದುಕೊಂಡ ತಂದೆಯ ವಿಷಯದಲ್ಲಿ ಯಾರದೂ ತಕರಾರಿಲ್ಲ.