ನೀರೋತಿಗೆ ಎಷ್ಟು ದೊಡ್ಡ ಮನೆ ಬೇಕು?

ಗೇಣುದ್ದವೂ ಇಲ್ಲದ ಹಚ್ಚ ಹಸಿರು ಮರಿಯೊಂದು ಗಾಜಿನ ತೊಟ್ಟಿಯೊಳಗೆ ಕಡ್ಡಿಯನ್ನು ಅಪ್ಪಿಕೊಂಡು ಕುಳಿತಿದೆ. ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದೆ. ಅಮೆರಿಕ ಮತ್ತು ಯೂರೋಪಿನ ಸಾಕುಪ್ರಾಣಿ ಅಂಗಡಿಗಳಲ್ಲಿ ದಶಕಗಳಿಂದ ಕಾಣುವ ನೋಟ ಇದು. ಮರಿಯ ಜೊತೆಗೆ ಆ ತೊಟ್ಟಿಯೂ ಮಾರಾಟವಾಗುತ್ತದೆ. ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮರಿಗೆ ಅದು ಅರಮನೆಯಂತೆಯೇ ಕಾಣುತ್ತದೆ. ಎರಡು ಮೂರು ವರ್ಷ ಕಳೆಯಲಿ, ಅದೇ ಪ್ರಾಣಿಯನ್ನು ಆ ತೊಟ್ಟಿಯಲ್ಲಿ ನೇರವಾಗಿ ಮಲಗಿಸಲೂ ಸಾಧ್ಯವಿಲ್ಲ. ಬಾಲ ಮಡಚಿಕೊಂಡು, ಮೂಗಿನ ತುದಿ ಸವೆದು ಹುಣ್ಣಾಗಿ, ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ.

ಇದು ಹೇಗೆ ಆಗುತ್ತದೆ, ಹಾಗಾಗದಂತೆ ಪೆಟ್ಟಿಗೆಯ ಅಳತೆಯನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದೇ ಇಲ್ಲಿನ ವಿಷಯ. ಕಿರುತೆರೆಯ ಮಾತುಕತೆಯಲ್ಲಿ ಅಂಕಿಗಳು ಬಂದಷ್ಟೇ ಬೇಗ ಮರೆಯಾಗುತ್ತವೆ. ಆದ್ದರಿಂದ ಕಾಗದ, ಪೆನ್ಸಿಲು ಹತ್ತಿರವಿಟ್ಟುಕೊಂಡು ಓದಿ.

ಈ ಪ್ರಾಣಿಯ ಇಂಗ್ಲಿಷ್ ಹೆಸರು ವಾಟರ್ ಡ್ರ್ಯಾಗನ್. ಹೆಸರು ಕೇಳಿ ಬೆಂಕಿ ಉಗುಳುವ ಕಥೆಯ ಪ್ರಾಣಿಯನ್ನು ಕಲ್ಪಿಸಿಕೊಳ್ಳಬೇಡಿ. ಇದು ನಮ್ಮ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನ ಬಂಧು. ಎರಡೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಪರಿಚಿತವಾದ ಹಾರುವ ಓತಿಯೂ ಇದೇ ಕುಟುಂಬದ್ದು. ಹಾರುವುದನ್ನು ಹಾರುವ ಓತಿ ಎನ್ನುವುದಾದರೆ, ನೀರಿಗೆ ಧುಮುಕುವ ಇದನ್ನು ನಾವಿಲ್ಲಿ ನೀರೋತಿ ಎಂದು ಕರೆಯೋಣ.

ನೀರೋತಿಗಳಲ್ಲಿ ಎರಡು ಬಗೆ. ಒಂದು ಏಷ್ಯಾದ್ದು, ವೈಜ್ಞಾನಿಕವಾಗಿ ಫಿಸಿಗ್ನಾಥಸ್ ಕೊಚಿನ್‌ಚಿನಸ್. ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್ ಇದರ ತವರು. ಇನ್ನೊಂದು ಪೂರ್ವ ಆಸ್ಟ್ರೇಲಿಯಾದ್ದು. ಅದು ಚಳಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ, ಬ್ರಿಸ್ಬೇನ್ ನಗರದ ಉದ್ಯಾನಗಳಲ್ಲಿಯೂ ಓಡಾಡಿಕೊಂಡಿರುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಏಷ್ಯಾದ್ದಾದ್ದರಿಂದ ನಮ್ಮ ಲೆಕ್ಕವೆಲ್ಲ ಅದಕ್ಕೇ ಸಂಬಂಧಿಸಿದ್ದು.

ಕಾಡಿನಲ್ಲಿ ನೀರೋತಿಯ ದಿನ ಹೇಗೆ ಕಳೆಯುತ್ತದೆ? ಹಳ್ಳದ ದಡದ ಮರಗಳೇ ಅದರ ಮನೆ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಸಿಲು ಕಾಯಿಸುತ್ತದೆ. ಹುಳು, ಮಿಡತೆ ಕಂಡರೆ ಹಿಡಿಯುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಹಿಂದೆ ಮುಂದೆ ನೋಡದೆ ಕೊಂಬೆಯಿಂದ ನೀರಿಗೆ ಬೀಳುತ್ತದೆ, ಬಾಲವನ್ನು ಬೀಸಿ ಈಜುತ್ತದೆ, ಸ್ವಲ್ಪ ಹೊತ್ತು ಮುಳುಗಿಯೂ ಇರಬಲ್ಲದು. ರಾತ್ರಿ ಮತ್ತೆ ನೀರಿನ ಮೇಲಿನ ಕೊಂಬೆಯಲ್ಲೇ ನಿದ್ದೆ. ಅಂದರೆ ಅದಕ್ಕೆ ಬೇಕಾದದ್ದು ಮೂರು: ಮೇಲೆ ಕೊಂಬೆ, ಕೆಳಗೆ ನೀರು, ಎರಡರ ನಡುವೆ ಸಾಕಷ್ಟು ಬಯಲು. ಒಂದಡಿ ಎತ್ತರದ ತೊಟ್ಟಿಯಲ್ಲಿ ಮೊದಲೆರಡನ್ನು ತುರುಕಬಹುದು. ಮೂರನೆಯದಕ್ಕೆ ಜಾಗವೇ ಇಲ್ಲ.

ಈಗ ಬೆಳವಣಿಗೆಯ ಲೆಕ್ಕಕ್ಕೆ ಬರೋಣ. ಮೊಟ್ಟೆಯಿಂದ ಹೊರಬಂದ ಮರಿಯ ಉದ್ದ ಬಾಲವೂ ಸೇರಿ ಸುಮಾರು 15 ಸೆಂಟಿಮೀಟರು. ಬೆಳೆದ ಗಂಡು 90 ಸೆಂಟಿಮೀಟರು, ಅಂದರೆ ಮೂರಡಿ ಮುಟ್ಟುತ್ತದೆ. ಹೆಣ್ಣು ಸ್ವಲ್ಪ ಚಿಕ್ಕದು. ಈ ಉದ್ದದಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಬರೀ ಬಾಲ. "ಬಾಲವನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ, ಅದು ಹೇಗೂ ಬಾಗುತ್ತದೆ" ಎಂದು ವಾದಿಸುವವರುಂಟು. ನಾನು ಒಪ್ಪುವುದಿಲ್ಲ. ಏರುವಾಗ ಸಮತೋಲನಕ್ಕೆ, ಈಜುವಾಗ ಹುಟ್ಟಿನಂತೆ, ಜಗಳದಲ್ಲಿ ಚಾಟಿಯಂತೆ ಬಳಸುವ ಅಂಗ ಅದು. ಸದಾ ಮಡಚಿಕೊಂಡೇ ಇರಬೇಕಾದ ಜಾಗ ಪ್ರಾಣಿಗೆ ಸಾಕಾದ ಜಾಗವಲ್ಲ.

ಉದ್ದ 15ರಿಂದ 90ಕ್ಕೆ ಏರಿತು, ಆರು ಪಟ್ಟು. ಆಕಾರ ಹಾಗೆಯೇ ಉಳಿಯಿತೆಂದು ಭಾವಿಸಿದರೆ ದೇಹದ ತೂಕ ಎಷ್ಟು ಪಟ್ಟಾಯಿತು? ಆರಲ್ಲ, ಆರರ ಘನ, ಅಂದರೆ 216 ಪಟ್ಟು. ಘನಫಲದ ಪಾಠವನ್ನು ಮಾಡಿದ ನಿಮಗೆ ಇದು ಆಶ್ಚರ್ಯವಾಗಬಾರದು. ಆದರೂ ಅಂಗಡಿಯಲ್ಲಿ ಮರಿಯನ್ನು ನೋಡುತ್ತಾ ನಿಂತಾಗ ಇಂಥ ಲೆಕ್ಕ ಯಾರ ತಲೆಗೂ ಹೊಳೆಯುವುದಿಲ್ಲ. ಮರಿಯ ಅಳತೆ ನೋಡಿ ಪೆಟ್ಟಿಗೆ ಕೊಳ್ಳುವುದೆಂದರೆ ತೊಟ್ಟಿಲನ್ನು ನೋಡಿ ಮನೆ ಕಟ್ಟಿಸಿದಂತೆ.

ಹಾಗಾದರೆ ಸರಿಯಾದ ಅಳತೆ ಯಾವುದು? ಬೆಳೆದ ಒಂದು ನೀರೋತಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರ ಎಂಬ ಲೆಕ್ಕ ಸಾಕುವವರಲ್ಲಿ ಬಳಕೆಯಲ್ಲಿದೆ. ಇದನ್ನು ಕನಿಷ್ಠ ಎಂದು ತಿಳಿಯಬೇಕು, ಗುರಿ ಎಂದಲ್ಲ. ಆರು ಅಡಿ ಉದ್ದ, ಮೂರು ಅಡಿ ಅಗಲ, ಆರು ಅಡಿ ಎತ್ತರ ಕೊಡಲು ಸಾಧ್ಯವಾದರೆ ಪ್ರಾಣಿಯ ನಡವಳಿಕೆಯೇ ಬದಲಾಗುತ್ತದೆ. ಉದ್ದ ಅದರ ಮೈಯುದ್ದದ ಎರಡು ಪಟ್ಟು, ಅಗಲ ಒಂದು ಪಟ್ಟು, ಎತ್ತರ ಮತ್ತೆ ಎರಡು ಪಟ್ಟು ಎಂದು ನೆನಪಿಡಬಹುದು. ಅಂಗಡಿಯ ತೊಟ್ಟಿಯ ಘನಫಲ ಎರಡೂವರೆ ಘನ ಅಡಿ. ಕನಿಷ್ಠ ಪೆಟ್ಟಿಗೆಯದು 32. ದೊಡ್ಡದರದು 108. ಮೂರು ಅಂಕಿಗಳನ್ನೂ ಒಂದರ ಕೆಳಗೊಂದು ಬರೆದು ನೋಡಿ.

ಅಂಕಿಗಿಂತ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡೂವರೆ ಅಡಿಗೆ ಒಂದಡಿಯ ಆಯತ ಬರೆಯಿರಿ. ಅದರೊಳಗೆ ಮೂರಡಿ ಉದ್ದದ ಹಗ್ಗವನ್ನು ನೇರವಾಗಿ ಇಡಲು ಪ್ರಯತ್ನಿಸಿ. ಕರ್ಣದ ಉದ್ದಕ್ಕೆ ಇಟ್ಟರೂ ಹಿಡಿಸುವುದಿಲ್ಲ. ಪೈಥಾಗೊರಸ್ ಪ್ರಮೇಯದಿಂದ ಏಕೆಂದು ನೀವೇ ಕಂಡುಕೊಳ್ಳಿ. ಪಕ್ಕದಲ್ಲೇ ಆರು ಅಡಿಗೆ ಮೂರು ಅಡಿಯ ಆಯತ ಬರೆದು ಅದೇ ಹಗ್ಗವನ್ನು ಅಲ್ಲಿಡಿ.

ಜಾಗ ಬೇಕಾಗುವುದು ಓಡಾಡುವುದಕ್ಕೆ ಮಾತ್ರವಲ್ಲ. ಓತಿ, ಹಲ್ಲಿ, ಹಾವುಗಳು ಶೀತರಕ್ತ ಪ್ರಾಣಿಗಳೆಂದು ಓದಿದ್ದೀರಿ. ಅವುಗಳ ರಕ್ತ ಸದಾ ತಣ್ಣಗಿರುತ್ತದೆ ಎಂದು ಅದರ ಅರ್ಥವಲ್ಲ. ಮೈ ಬೆಚ್ಚಗಾಗಲು ಹೊರಗಿನ ಶಾಖ ಬೇಕು ಎಂದು ಅರ್ಥ. ಬೇಕಾದಾಗ ಬಿಸಿಲಿಗೆ, ಸಾಕಾದಾಗ ನೆರಳಿಗೆ ಹೋಗಿ ನೀರೋತಿ ತನ್ನ ಉಷ್ಣತೆಯನ್ನು ತಾನೇ ಹದವಾಗಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ದೀಪದ ಕೆಳಗಿನ ಕೊಂಬೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ದೂರದ ತಂಪು ತುದಿ 25ರ ಆಸುಪಾಸು. ಚಿಕ್ಕ ತೊಟ್ಟಿಯಲ್ಲಿ ಇದು ಆಗದ ಮಾತು. ಒಂದೇ ದೀಪ ತೊಟ್ಟಿಯನ್ನೆಲ್ಲ ಕಾಯಿಸುತ್ತದೆ, ಪ್ರಾಣಿಗೆ ಸರಿದುಕೊಳ್ಳಲು ತಂಪಾದ ಮೂಲೆಯೇ ಉಳಿಯುವುದಿಲ್ಲ. ದೀಪ ಆರಿಸಿದರೆ ಇಡೀ ತೊಟ್ಟಿ ತಣ್ಣಗಾಗಿ, ತಿಂದದ್ದು ಜೀರ್ಣವಾಗುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಬಿಸಿ ತುದಿ, ತಂಪು ತುದಿ, ಎರಡರ ನಡುವೆ ಹಂತ ಹಂತದ ಹದ, ಎಲ್ಲವೂ ತಾನಾಗಿ ಸಿಗುತ್ತವೆ. ಎರಡು ತುದಿಗೂ ಒಂದೊಂದು ಉಷ್ಣಮಾಪಕ ತೂಗುಹಾಕಿ. ಒಂದೇ ಉಷ್ಣಮಾಪಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಬೆಳಕಿನ ವಿಷಯ ಇದಕ್ಕಿಂತ ಸೂಕ್ಷ್ಮ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ಒಂದು ಭಾಗವಾದ ಯುವಿ-ಬಿ ಚರ್ಮದ ಮೇಲೆ ಬಿದ್ದಾಗ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದಿದ್ದರೆ ಆಹಾರದಲ್ಲಿನ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದಲೇ ಸುಣ್ಣವನ್ನು ಕಡ ತೆಗೆಯುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಬೆನ್ನು ಡೊಂಕಾಗುತ್ತದೆ. ಕಿಟಕಿಯ ಪಕ್ಕ ಪೆಟ್ಟಿಗೆಯಿಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಸಾಧಾರಣ ಗಾಜು ಯುವಿ-ಬಿಯನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ, ಶಾಖವನ್ನು ಮಾತ್ರ ಒಳಗೆ ಸೆರೆಹಿಡಿಯುತ್ತದೆ. ಆದ್ದರಿಂದ ವಿಶೇಷ ದೀಪ ಬೇಕು. ಇಲ್ಲಿ ಎತ್ತರದ ಪೆಟ್ಟಿಗೆಯವರು ತಪ್ಪುವ ಒಂದು ಅಂಶವಿದೆ: ದೀಪದಿಂದ ದೂರ ಹೋದಂತೆ ಯುವಿ-ಬಿ ಬೇಗನೆ ಕ್ಷೀಣಿಸುತ್ತದೆ. ಆರಡಿ ಎತ್ತರದ ಪೆಟ್ಟಿಗೆಯ ಮೇಲ್ಛಾವಣಿಯಲ್ಲಿ ದೀಪವಿಟ್ಟು, ಕೂರುವ ಕೊಂಬೆಯನ್ನು ನೆಲದ ಹತ್ತಿರ ಕಟ್ಟಿದರೆ ಅಷ್ಟೆಲ್ಲ ಎತ್ತರ ಕೊಟ್ಟೂ ಪ್ರಯೋಜನವಿಲ್ಲ. ದೀಪದ ತಯಾರಕರು ಹೇಳಿದ ಅಂತರಕ್ಕೇ ಮುಖ್ಯ ಕೊಂಬೆ ಬರಬೇಕು. ಇನ್ನೊಂದು ಮಾತು. ಈ ದೀಪಗಳು ಕಣ್ಣಿಗೆ ಚೆನ್ನಾಗಿ ಉರಿಯುತ್ತಿದ್ದರೂ ಕೆಲವು ತಿಂಗಳ ಬಳಿಕ ಯುವಿ-ಬಿ ಕೊಡುವುದು ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಇನ್ನು ಗಾಜಿನ ತೊಂದರೆ. ಹಳ್ಳದ ದಡದಲ್ಲಿ ಪಾರದರ್ಶಕ ಗೋಡೆಗಳಿರುವುದಿಲ್ಲವಷ್ಟೆ! ಎದುರಿಗೆ ಬಯಲು ಕಂಡರೆ ನೀರೋತಿ ಅತ್ತ ನುಗ್ಗುತ್ತದೆ. ಗಾಜಿಗೆ ಮೂತಿ ಬಡಿಯುತ್ತದೆ, ಮತ್ತೆ ನುಗ್ಗುತ್ತದೆ. ದಿನವೂ ಮೂತಿ ಉಜ್ಜಿ ಉಜ್ಜಿ ಚರ್ಮ ಕಿತ್ತು, ಗಾಯ ಕೊಳೆತು, ಸೋಂಕು ದವಡೆಗೂ ಇಳಿಯಬಹುದು. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಬಡಿದಾಟ ಹೆಚ್ಚು. ಮೂರು ಗೋಡೆಗಳನ್ನು ಹಲಗೆಯಿಂದ ಮುಚ್ಚಿ, ಮುಂದಿನ ಗಾಜಿನ ಕೆಳಭಾಗಕ್ಕೆ ಅರ್ಧ ಅಡಿ ಎತ್ತರದ ಬಣ್ಣದ ಕಾಗದ ಅಂಟಿಸುವುದು ಸುಲಭದ ಉಪಾಯ. ಗೋಡೆ ಎಲ್ಲಿದೆಯೆಂದು ಪ್ರಾಣಿಗೆ ಗೊತ್ತಾಗುತ್ತದೆ. ಒರಟು ತಂತಿಯ ಜಾಲರಿ ಗೋಡೆಯಾದರೆ ಉಗುರು ಸಿಕ್ಕಿಕೊಳ್ಳುತ್ತದೆ, ಮೂತಿಗೂ ಗಾಯವಾಗುತ್ತದೆ.

ಓತಿಗಳ ನೆತ್ತಿಯ ಮೇಲೆ ಚಿಕ್ಕ ಚುಕ್ಕೆಯಂತೆ ಕಾಣುವ ಒಂದು ಅಂಗವಿದೆ. ಅದು ಬೆಳಕು-ನೆರಳಿನ ಬದಲಾವಣೆಯನ್ನು ಗ್ರಹಿಸುತ್ತದೆ. ಮೂರನೆಯ ಕಣ್ಣು ಎಂದೇ ಅದನ್ನು ಕರೆಯುವುದುಂಟು. ಮೇಲಿನಿಂದ ಬೀಳುವ ನೆರಳು ಈ ಪ್ರಾಣಿಗೆ ಹದ್ದಿನ ಸುಳಿವು. ನೆಲದ ಮೇಲಿಟ್ಟ ತೊಟ್ಟಿಗೆ ನೀವು ಮೇಲಿನಿಂದ ಕೈ ಹಾಕಿದಾಗಲೆಲ್ಲ ನೀವೇ ಹದ್ದು. ಕೂರುವ ಕೊಂಬೆ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಪೆಟ್ಟಿಗೆಯನ್ನು ಎತ್ತರದಲ್ಲಿಟ್ಟು, ಬಾಗಿಲನ್ನು ಮುಂದಿನಿಂದ ತೆರೆಯುವಂತೆ ಮಾಡಿದರೆ ಅರ್ಧ ಹೆದರಿಕೆ ತಗ್ಗುತ್ತದೆ.

ನೀರಿನ ತಟ್ಟೆಯೂ ಅಳತೆಯ ಲೆಕ್ಕದಲ್ಲಿ ಸೇರಬೇಕು. ಪ್ರಾಣಿ ಪೂರ್ತಿ ಇಳಿದು ಮೈ ನೆನೆಸಿಕೊಳ್ಳುವಷ್ಟು ದೊಡ್ಡದಿರಲಿ. 60 ಸೆಂಟಿಮೀಟರು ಉದ್ದ, 30 ಅಗಲ, 20 ಆಳದ ತೊಟ್ಟಿಯಲ್ಲಿ 36 ಲೀಟರು ಹಿಡಿಯುತ್ತದೆ, ಅಂದರೆ 36 ಕಿಲೋ ಭಾರ. ತೆಳುವಾದ ಹಲಗೆಯ ತಳ ಅದನ್ನು ಹೊರಲಾರದು. ನೀರೋತಿ ನೀರಿನಲ್ಲೇ ಮಲ ವಿಸರ್ಜಿಸುವುದರಿಂದ ನೀರನ್ನು ದಿನವೂ ಬದಲಿಸಬೇಕು. ಪೆಟ್ಟಿಗೆಯನ್ನು ಕಟ್ಟುವ ಮೊದಲೇ ನೀರು ಹೊರಹೋಗುವ ದಾರಿಯನ್ನು ಯೋಚಿಸದಿದ್ದರೆ ಒಂದೇ ವಾರದಲ್ಲಿ ಉತ್ಸಾಹ ಇಳಿದುಹೋಗುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 60ರಿಂದ 80 ಇರಬೇಕಾದ್ದರಿಂದ ಮರಕ್ಕೆ ನೀರು ಹೀರದ ಲೇಪ ಬೇಕು, ಗಾಳಿಯಾಡುವ ಕಿಂಡಿಯೂ ಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಎರಡನ್ನು ಸಾಕಿದರೆ ಎರಡು ಪಟ್ಟು ಜಾಗ ಸಾಕೇ? ಎರಡೂ ಗಂಡಾದರೆ ಎಷ್ಟು ಜಾಗ ಕೊಟ್ಟರೂ ಸಾಲದು, ಕಚ್ಚಾಡುತ್ತವೆ. ಬೇರೆ ಬೇರೆ ಇಡುವುದೊಂದೇ ದಾರಿ. ಒಂಟಿ ಹೆಣ್ಣಿಗೂ ಮೊಟ್ಟೆಯಿಡಲು ಅಗೆಯುವಷ್ಟು ತೇವದ ಮಣ್ಣಿನ ಜಾಗ ಬೇಕು, ಗಂಡಿಲ್ಲದಿದ್ದರೂ ಅದು ಮೊಟ್ಟೆ ಇಡಬಲ್ಲದು. ಅಮೆರಿಕದ ಸ್ಮಿತ್‌ಸೋನಿಯನ್ ಮೃಗಾಲಯದಲ್ಲಿ 2016ರಲ್ಲಿ ತಂದೆಯಿಲ್ಲದೆಯೇ ಮರಿಯೊಂದು ಹುಟ್ಟಿದ್ದು ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ "ಹಾಗಾದರೆ ಸಾಕುವುದೇ ಬೇಡವೇ?" ಎನ್ನಿಸಿರಬಹುದು. ಬಹಳ ಮನೆಗಳ ಮಟ್ಟಿಗೆ ನನ್ನ ಉತ್ತರವೂ ಅದೇ. ಇದು ಹತ್ತು ಹದಿನೈದು ವರ್ಷ ಬದುಕುವ ಪ್ರಾಣಿ. ಹೈಸ್ಕೂಲಿನಲ್ಲಿ ತಂದವರು ಕೆಲಸಕ್ಕೆ ಸೇರಿದ ಮೇಲೂ ಅದು ಇರುತ್ತದೆ. ಮಾರಾಟಕ್ಕೆ ಬರುವವುಗಳಲ್ಲಿ ಕಾಡಿನಿಂದ ಹಿಡಿದು ತಂದವೂ ಸೇರಿವೆ. ತವರಿನಲ್ಲಿ ಇದನ್ನು ಮಾಂಸಕ್ಕಾಗಿಯೂ ಹಿಡಿಯುತ್ತಾರೆ, ಕಾಡೂ ಕಡಿಮೆಯಾಗುತ್ತಿದೆ. ಹೀಗಾಗಿ ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಯಲ್ಲಿ ಇದು ಸೇರಿದೆ. ಪನಾಮಾದಲ್ಲಿ 2022ರ ನವೆಂಬರಿನಲ್ಲಿ ನಡೆದ ಸೈಟಿಸ್ ಒಪ್ಪಂದದ ಸಭೆ ಇದನ್ನು ಎರಡನೆಯ ಅನುಬಂಧಕ್ಕೆ ಸೇರಿಸಿತು. ಅಂದರೆ ಪರವಾನಗಿಯಿಲ್ಲದೆ ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಬೆಂಗಳೂರಿನಂಥ ನಗರಗಳಲ್ಲಿಯೂ ಇಗುವಾನಾ ಮೊದಲಾದ ವಿದೇಶಿ ಹಲ್ಲಿಗಳನ್ನು ಸಾಕುವವರಿದ್ದಾರೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಿಕೊಳ್ಳಬೇಕೆಂದು 2024ರ ನಿಯಮಗಳು ಹೇಳುತ್ತವೆ. ಯಾವ ಪ್ರಾಣಿಯನ್ನೇ ಆಗಲಿ ತರುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನಮ್ಮ ಕಾಡಿನ ಉಡವನ್ನಂತೂ ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ.

ಈಗಾಗಲೇ ಮನೆಯಲ್ಲಿ ನೀರೋತಿ ಇರುವವರು ಪೆಟ್ಟಿಗೆ ಸಾಕೋ ಸಾಲದೋ ಎಂಬುದನ್ನು ರಾತ್ರಿ ಹೊತ್ತು ನೋಡಿ ತಿಳಿಯಬಹುದು. ದೀಪ ಆರಿದ ಮೇಲೆ ಅದು ಎಲ್ಲಿ ಮಲಗಿದೆ? ನೆಲದ ಮೂಲೆಯಲ್ಲಿ ಗೋಡೆಗೆ ಮೂತಿ ಒತ್ತಿಕೊಂಡಿದ್ದರೆ ಪೆಟ್ಟಿಗೆಯನ್ನು ಮತ್ತೊಮ್ಮೆ ಅಳೆಯಿರಿ. ಎತ್ತರದ ಕೊಂಬೆಯ ಮೇಲೆ, ನೀರಿನ ತೊಟ್ಟಿಗೆ ನೇರವಾಗಿ ಮೇಲೆ, ಬಾಲವನ್ನು ಉದ್ದಕ್ಕೆ ಇಳಿಬಿಟ್ಟು ಮಲಗಿದ್ದರೆ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿ ಬನ್ನಿ.