ಬ್ಯಾಗಿನಲ್ಲಿ ಸ್ಪ್ಯಾನರ್, ಜೇಬಿನಲ್ಲಿ ಪಾಸ್‌ಪೋರ್ಟ್

‘ಏನಪ್ಪಾ, ಈ ಸಲ ಯಾವ ದೇಶ?’ ಊರಿಗೆ ಹೋದರೆ ಸಾಕು, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಿಂದ ಹಿಡಿದು ನಮ್ಮ ಮನೆ ಜಗುಲಿವರೆಗೆ ಇದೇ ಪ್ರಶ್ನೆ. ಉತ್ತರ ಹೇಳಿದ ಮೇಲೆ ‘ಪುಣ್ಯವಂತ ಕಣಪ್ಪ ನೀನು’ ಅನ್ನುವ ಮಾತು ಬೇರೆ. ಒಂಬತ್ತು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಸಲ ಹೊರದೇಶಕ್ಕೆ ಹೋಗಿಬಂದಿದ್ದೇನೆ, ನಿಜ. ಆದರೆ ನನ್ನ ಮೊಬೈಲಿನಲ್ಲಿ ಐಫೆಲ್ ಗೋಪುರದ ಮುಂದೆ ನಿಂತ ಫೋಟೊ ಒಂದೂ ಇಲ್ಲ. ಇರುವುದೆಲ್ಲ ಸುಟ್ಟ ರಿಲೇ, ಸವೆದ ಬೆಲ್ಟು, ಕಂಟ್ರೋಲ್ ಪ್ಯಾನೆಲ್ಲಿನ ಫೋಟೊಗಳೇ.

ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. ನಾವು ತಯಾರಿಸುವುದು ಪ್ಯಾಕಿಂಗ್ ಯಂತ್ರ. ಪ್ಲಾಸ್ಟಿಕ್ ಫಿಲ್ಮಿನ ರೋಲು ಒಂದು ಕಡೆಯಿಂದ ಬರುತ್ತದೆ, ಯಂತ್ರ ಅದನ್ನು ಚೀಲದಂತೆ ಮಡಚಿ, ಖಾರದಪುಡಿಯನ್ನೋ ಕಾಫಿಪುಡಿಯನ್ನೋ ತುಂಬಿ, ಬಿಸಿಯಲ್ಲಿ ಬಾಯಿ ಅಂಟಿಸಿ, ಕತ್ತರಿಸಿ ಕೆಳಗೆ ಬೀಳಿಸುತ್ತದೆ. ಕೊಂಡವರ ಊರಿಗೆ ಹೋಗಿ ಅದನ್ನು ಜೋಡಿಸಿ, ಓಡಿಸಿ, ಅಲ್ಲಿಯವರಿಗೆ ಕಲಿಸಿ, ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಕಾರ್ಡಿನಲ್ಲಿ ಎಂಜಿನಿಯರ್ ಎಂದಿದ್ದರೂ ಓದಿದ್ದು ಡಿಪ್ಲೊಮಾ. ಎಸ್ಸೆಸ್ಸೆಲ್ಸಿವರೆಗೆ ನಂಜನಗೂಡು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಐಟಿಐ, ಡಿಪ್ಲೊಮಾ ಮಾಡಿದವರಿಗೂ ಇಂಥ ಓಡಾಟದ ಕೆಲಸಗಳಿವೆ. ಆಫರ್ ಲೆಟರ್ ಬರಲಿ ಎಂದು ಕಾಯದೆ ಈಗಲೇ ಪಾಸ್‌ಪೋರ್ಟ್ ಮಾಡಿಸಿ. 36 ಪುಟದ್ದಕ್ಕೆ 1,500 ರೂಪಾಯಿ. ಹತ್ತನೇ ತರಗತಿ ಪಾಸಾಗಿದ್ದರೆ ಆ ಪ್ರಮಾಣಪತ್ರ ಕೊಟ್ಟರೆ ‘ಇಸಿಆರ್’ ಎಂಬ ಮುದ್ರೆ ಬೀಳುವುದಿಲ್ಲ. ಆ ಮುದ್ರೆ ಇದ್ದವರು ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಪ್ರತ್ಯೇಕ ಅನುಮತಿ ಪಡೆಯಬೇಕು. ಇನ್ನೊಂದು, ವೀಸಾ ಯಾವ ಕೆಲಸಕ್ಕೆ ಕೊಟ್ಟಿದ್ದು ಎಂದು ಓದಿಕೊಳ್ಳಿ. ಮೀಟಿಂಗಿಗೆ ಹೋಗುವುದು ಬೇರೆ, ಸ್ಪ್ಯಾನರ್ ಹಿಡಿಯುವುದು ಬೇರೆ ಎಂದು ಲೆಕ್ಕ ಹಾಕುವ ದೇಶಗಳಿವೆ. ‘ಟೂರಿಸ್ಟ್ ಅಂತ ಹೇಳಿಬಿಡು, ಏನೂ ಆಗಲ್ಲ’ ಎಂದು ಆಫೀಸಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಇಮಿಗ್ರೇಷನ್ ಕೌಂಟರಿನ ಮುಂದೆ ನಿಲ್ಲುವುದು ನೀವು, ಅವರಲ್ಲ.

ಈ ಕೆಲಸದಲ್ಲಿ ಮೊದಲು ಕಳೆದುಹೋಗುವುದು ಭಾನುವಾರ. ಢಾಕಾದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಭರ್ತಿ ಕೆಲಸ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಬಾಗಿಲೇ ತೆಗೆಯುವುದಿಲ್ಲ. 2023ರ ಮೇ ತಿಂಗಳಲ್ಲಿ ಡುಸೆಲ್‌ಡಾರ್ಫ್‌ನಲ್ಲಿ ನಡೆದ ಇಂಟರ್‌ಪ್ಯಾಕ್ ಮೇಳಕ್ಕೆ ಹೋಗಿದ್ದೆ. ಪ್ಯಾಕಿಂಗ್ ಲೋಕದವರಿಗೆ ಅದು ಮೂರು ವರ್ಷಕ್ಕೊಮ್ಮೆ ಬರುವ ದೊಡ್ಡ ಜಾತ್ರೆ. ದಿನವಿಡೀ ಮಳಿಗೆಯಲ್ಲಿ ನಿಂತು ಕಾಲು ಬಾತುಕೊಂಡದ್ದು ಬಿಟ್ಟರೆ ಆ ನಗರದ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲ. ಅವ್ವ ಪ್ರೀತಿಯಿಂದ ಕೊಟ್ಟ ತುಪ್ಪದ ಡಬ್ಬಿಯನ್ನು ಬೆಂಗಳೂರಿನ ರೂಮಿನಲ್ಲೇ ಬಿಟ್ಟು ಹೋಗಿದ್ದೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನೊಳಗೆ ಒಯ್ಯುವಂತಿಲ್ಲ. ಚಟ್ನಿಪುಡಿಗೆ ತೊಂದರೆಯಾಗಿಲ್ಲ. ಆ ಚಟ್ನಿಪುಡಿಯ ವಿಷಯ ಮುಂದೆ ಬರುತ್ತದೆ.

ಜಪಾನಿನ ಒಸಾಕಾಗೆ ಮೋಟಾರುಗಳ ತರಬೇತಿಗೆ ಎರಡು ವಾರ ಹೋಗಿದ್ದೆ. ಆ ದೇಶದ ಕರೆಂಟಿನಲ್ಲೇ ಎರಡು ಪಂಗಡ. ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಂದು ಊರಿನವರು ಜರ್ಮನಿಯಿಂದ, ಇನ್ನೊಂದು ಊರಿನವರು ಅಮೆರಿಕದಿಂದ ಜನರೇಟರ್ ತರಿಸಿದ್ದರು. ಆ ವ್ಯತ್ಯಾಸ ಇವತ್ತಿಗೂ ಉಳಿದಿದೆ. ಸಾದಾ ಮೋಟಾರನ್ನು ಅಲ್ಲಿಂದ ಇಲ್ಲಿಗೆ ತಂದರೆ ವೇಗ ಐದನೇ ಒಂದು ಭಾಗ ಹೆಚ್ಚಾಗುತ್ತದೆ. ರೈಲಿನ ಚಾಲಕರು ಸಿಗ್ನಲ್ ಕಂಡಾಗ ಅದರತ್ತ ಬೆರಳು ತೋರಿಸಿ ಬಾಯಿಬಿಟ್ಟು ಹೇಳುವುದನ್ನು ಅಲ್ಲೇ ನೋಡಿದ್ದು. ಮೊದಲು ನಗು ಬಂತು. ಈಗ ಯಂತ್ರದ ಸ್ವಿಚ್ ಹಾಕುವ ಮುನ್ನ ನಾನೂ ಬೆರಳು ತೋರಿಸಿ ‘ಗಾರ್ಡ್ ಮುಚ್ಚಿದೆ, ಕೈ ಹೊರಗಿದೆ’ ಎಂದು ಕನ್ನಡದಲ್ಲೇ ಹೇಳಿಕೊಳ್ಳುತ್ತೇನೆ. ಸಸ್ಯಾಹಾರಿಯಾದ ನನಗೆ ಮಾತ್ರ ಅಲ್ಲಿ ಕಷ್ಟವಾಯಿತು. ನೋಡಲು ಬರೀ ತರಕಾರಿ ಸಾರಿನಂತಿದ್ದರೂ ಬುಡದಲ್ಲಿ ಒಣಮೀನಿನ ರಸ ಇರುವುದು ಸಾಮಾನ್ಯ.

ಇವೆಲ್ಲ ಹೇಳಿಕೊಳ್ಳಲು ಚೆಂದದ ವಿಷಯಗಳು. ಆದರೆ ಈ ಕೆಲಸ ಎಂಥದ್ದು ಎಂದು ನನಗೆ ನಿಜವಾಗಿ ಗೊತ್ತಾದದ್ದು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ.

ಅಲ್ಲಿಗೆ ಹೊರಡುವ ಮೊದಲು ಹಳದಿ ಜ್ವರದ ಲಸಿಕೆ ಬೇಕು. ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಆ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಹೋಗಿ ವಾಪಸ್ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಹಿಡಿದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ‘ಅಲ್ಲಿ ಗಡಿಯಾರದ ಲೆಕ್ಕವೇ ಬೇರೆ’ ಎಂದು ನಮ್ಮ ಸೀನಿಯರ್ ಮೊದಲೇ ಎಚ್ಚರಿಸಿದ್ದರು. ಸೂರ್ಯ ಹುಟ್ಟಿದ ಮೇಲೆ ಅವರ ಗಂಟೆ ಶುರು. ನಮ್ಮ ಬೆಳಿಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ‘ನಾಳೆ ಎರಡು ಗಂಟೆಗೆ ಕಾರು ಬರುತ್ತೆ’ ಎಂದರೆ ಬೆಳಿಗ್ಗೆ ಎಂಟಕ್ಕೆ ತಯಾರಿರಬೇಕು. ವರ್ಷಕ್ಕೆ ಹದಿಮೂರು ತಿಂಗಳು. ಆದರೆ ತಿಂಡಿ ಮಾತ್ರ ನಮ್ಮ ಮನೆಯದೇ ಅನ್ನಿಸಿತು. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ಯುವ ಇಂಜೆರಾ, ದೊಡ್ಡ ತಟ್ಟೆಯಗಲದ ಹುಳಿದೋಸೆ. ಬುಧವಾರ, ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ದಿನ. ಮಾಂಸ, ಹಾಲು ಯಾವುದೂ ಇಲ್ಲದ ಊಟ. ಅವರ ಉಪವಾಸ ನನಗೆ ಹಬ್ಬ.

ಗಿರಾಕಿಯದು ಬೆರ್ಬೆರೆ ಎಂಬ ಮಸಾಲೆ ಖಾರದಪುಡಿಯ ಸಣ್ಣ ಉದ್ಯಮ. ಶೆಡ್ಡಿನ ಒಂದು ಮೂಲೆಯಲ್ಲಿ ಹದಿನಾಲ್ಕು ಹೆಂಗಸರು ನೆಲದ ಮೇಲೆ ಕುಳಿತು ಚಮಚದಲ್ಲಿ ಪುಡಿ ತುಂಬಿ, ತಕ್ಕಡಿಯಲ್ಲಿ ತೂಗಿ, ಕೈಯಲ್ಲಿ ಒತ್ತುವ ಸೀಲರಿನಿಂದ ಬಾಯಿ ಮುಚ್ಚುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ನಮ್ಮ ಯಂತ್ರದ ಮರದ ಪೆಟ್ಟಿಗೆ. ಆ ಪೆಟ್ಟಿಗೆ ಬಿಚ್ಚುವಾಗ ಅವರೆಲ್ಲ ಕೆಲಸ ನಿಲ್ಲಿಸಿ ನೋಡಿದ ನೋಟ ನನಗೆ ಹೊಸದಲ್ಲ. ನಮ್ಮವ್ವ ಮನೆಯಲ್ಲಿ ಅಗರಬತ್ತಿ ಹೊಸೆಯುತ್ತಿದ್ದಳು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ನನ್ನ ಹೈಸ್ಕೂಲಿನ ಫೀಸು, ಜ್ಯಾಮಿಟ್ರಿ ಬಾಕ್ಸು ಎಲ್ಲ ಅದರಿಂದ ಬಂದದ್ದು. ಒಂದು ದಿನ ಕಡ್ಡಿ, ಹಿಟ್ಟು ತಂದುಕೊಡುವ ಏಜೆಂಟ್ ಬಂದು ‘ಮಿಷನ್ ಹಾಕವ್ರೆ ಅಕ್ಕ, ಇನ್ಮೇಲೆ ಬ್ಯಾಡ’ ಎಂದು ಹೇಳಿ ಹೋದ. ಅವ್ವ ಆ ಮಣೆಯನ್ನು ತೊಳೆದು ಅಟ್ಟಕ್ಕೆ ಹಾಕಿದಳು.

ಯಂತ್ರ ಜೋಡಿಸಿ ಓಡಿಸಿದಾಗ ಮೊದಲ ಹದಿನೈದು ನಿಮಿಷ ಪ್ಯಾಕೆಟ್ಟುಗಳು ಮುತ್ತಿನ ಹಾಗೆ ಬಿದ್ದವು. ಆಮೇಲೆ ಸೋರತೊಡಗಿದವು. ಹಿಂಡಿ ನೋಡಿದರೆ ಬಾಯಿಯಿಂದ ಕೆಂಪು ಪುಡಿ ಹೊರಕ್ಕೆ. ಸೀಲು ಸೋರಲು ಕಾರಣ ನೂರಿರುತ್ತವೆ, ಒಂದೊಂದನ್ನೇ ಹೊಡೆದುಹಾಕುತ್ತ ಬರಬೇಕು. ಬಿಸಿ ಸರಿಯಿತ್ತು. ಫಿಲ್ಮು ಸರಿಯಿತ್ತು. ಪುಡಿಯ ದೂಳು ಅಂಟುವ ಜಾಗದಲ್ಲಿ ಕೂರದಂತೆ ಮಾಡಿದ್ದಾಯಿತು. ಎರಡು ದಿನ ಹೋಯಿತು. ಮಾಲೀಕರು ಬ್ಯಾಂಕ್ ಸಾಲ ಮಾಡಿ ಯಂತ್ರ ತರಿಸಿದ್ದರು. ಏನೂ ಅನ್ನದೆ ಬಾಗಿಲ ಬಳಿ ನಿಂತಿರುತ್ತಿದ್ದರು. ಬೈದಿದ್ದರೆ ವಾಸಿ ಅನ್ನಿಸುತ್ತಿತ್ತು.

ಅಲ್ಲಿ ಬೆಳಿಗ್ಗೆ ಹತ್ತಕ್ಕೆ, ಅಂದರೆ ಅವರ ನಾಲ್ಕು ಗಂಟೆಗೆ, ಕಾಫಿ. ನಮ್ಮ ಹಾಗೆ ಬೈಟು ಹೊಡೆದು ಎದ್ದುಹೋಗುವುದಲ್ಲ. ಹಸಿ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಮೂರು ಸುತ್ತು ಕೊಡುತ್ತಾರೆ. ಮೂರಕ್ಕೂ ಬೇರೆ ಬೇರೆ ಹೆಸರು: ಅಬೋಲ್, ತೋನಾ, ಬೆರೆಕಾ. ಮೊದಲ ಸುತ್ತಿಗೆ ಎದ್ದುಹೋಗುವುದು ಮರ್ಯಾದೆಯಲ್ಲ. ನಾನು ಚಟ್ನಿಪುಡಿಯ ಡಬ್ಬಿ ತೆಗೆದೆ. ಹೆಂಗಸರು ಅಂಗೈಗೆ ಹಾಕಿಸಿಕೊಂಡು ಮೂಸಿ, ನೆಕ್ಕಿ, ತಮ್ಮತಮ್ಮಲ್ಲೇ ದೊಡ್ಡ ಚರ್ಚೆ ಮಾಡಿದರು. ಅವರ ಬೆರ್ಬೆರೆಯಲ್ಲೂ ಮೆಂತ್ಯ, ಬೆಳ್ಳುಳ್ಳಿ, ಓಮ ಇರುತ್ತದೆ. ಹಿರಿಯಳೊಬ್ಬಳು ಇಂಜೆರಾ ತುಂಡಿನಲ್ಲಿ ಪಲ್ಯ ಸುತ್ತಿ ನನ್ನ ಬಾಯಿಗೇ ಇಟ್ಟಳು. ಗುರ್ಶಾ ಎನ್ನುತ್ತಾರಂತೆ. ನಾವು ತುತ್ತು ಎನ್ನುವುದಿಲ್ಲವೇ, ಅದೇ.

ಮಾಲೀಕರ ಸೋದರಳಿಯನಿಗೆ ಇಂಗ್ಲಿಷ್ ಬರುತ್ತಿತ್ತು. ಆ ಹಿರಿಯಳು ಏನೋ ಹೇಳಿದಳು, ಅವನು ನಗುತ್ತ ತರ್ಜುಮೆ ಮಾಡಿದ: ‘ನಿಮ್ಮ ಮಿಷನ್ನಿಗೂ ಕಾಫಿ ಬೇಕಂತೆ. ಕಾಫಿ ಆದಮೇಲೆ ಒಳ್ಳೆಯ ಪ್ಯಾಕೆಟ್ ಹಾಕುತ್ತದಂತೆ, ಸ್ವಲ್ಪ ಹೊತ್ತಿಗೆ ಸುಸ್ತಾಗುತ್ತದಂತೆ.’ ಅವರೆಲ್ಲ ನಕ್ಕರು. ನಾನು ಬಟ್ಟಲು ಕೆಳಗಿಟ್ಟು, ಯಾವ ಯಾವ ಹೊತ್ತಿಗೆ ಎಂದು ಅವಳನ್ನೇ ಕೇಳಿಸಿದೆ. ಅವಳು ಕರಾರುವಾಕ್ಕಾಗಿ ಹೇಳಿದಳು: ಬೆಳಿಗ್ಗೆ ಶುರು ಮಾಡಿದಾಗ ಸರಿ, ಕಾಫಿಯಾದ ಮೇಲೆ ಸರಿ, ಊಟವಾದ ಮೇಲೆ ಸರಿ, ನಡುವೆ ಎಲ್ಲ ಕೆಟ್ಟದ್ದು.

ಯಂತ್ರ ನಿಂತಾಗ ತುಂಬಿಕೊಳ್ಳುವುದು ಒಂದೇ, ಕಂಪ್ರೆಸರಿನ ಗಾಳಿ ಟ್ಯಾಂಕು. ಅದು ಇದ್ದದ್ದು ಶೆಡ್ಡಿನ ಹಿಂದೆ. ಅಡಿಸ್ ಅಬಾಬಾ ಸಮುದ್ರಮಟ್ಟದಿಂದ 2,300 ಮೀಟರಿಗೂ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಕೊಡಗಿನ ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಳ್ಳುವುದನ್ನು ನೋಡಿದ್ದೀರಲ್ಲ, ಹೊರಗಿನ ಗಾಳಿ ತೆಳುವಾಗಿರುವುದರಿಂದ ಹಾಗಾಗುತ್ತದೆ. ಅಡಿಸ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ. ಕಂಪ್ರೆಸರಿನ ಮೇಲೆ ಬರೆದ ಸಾಮರ್ಥ್ಯ ಬಯಲಿನ ಲೆಕ್ಕದ್ದು. ಅದು ಒಂದು ಸಲ ಎಳೆದುಕೊಳ್ಳುವ ಗಾಳಿಯೇ ಇಲ್ಲಿ ಕಡಿಮೆ. ಹಾಗಾಗಿ ಟ್ಯಾಂಕು ನಿಧಾನಕ್ಕೆ ಇಳಿದು, ಪ್ಯಾಕೆಟ್ಟಿನ ಬಾಯಿ ಒತ್ತುವ ದವಡೆಗೆ ಬಲ ಸಾಲುತ್ತಿರಲಿಲ್ಲ. ಅಲಾರಂ ಹೊಡೆಯುವುದು 4 ಬಾರ್‌ಗೆ. ಒತ್ತಡ ಅದಕ್ಕಿಂತ ಕೂದಲೆಳೆ ಮೇಲೆ ನಿಂತು ಆಟ ಆಡಿಸುತ್ತಿತ್ತು. ವೇಗ ಇಳಿಸಿದೆ, ಸೋರುವುದು ನಿಂತಿತು. ಮರುದಿನ ಸೋದರಳಿಯನ ಜೊತೆ ಮೆರ್ಕಾಟೊ ಎಂಬ ಬೃಹತ್ ಸಂತೆಬಜಾರು ಸುತ್ತಿ ಎರಡನೇ ಕಂಪ್ರೆಸರ್ ಹುಡುಕಿ ತಂದೆವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದವರಿಗೆ ಅಲ್ಲಿ ದಾರಿ ತಪ್ಪುವ ಭಯವಿಲ್ಲ.

ತರಬೇತಿಗೆ ಮಾಲೀಕರು ಇಬ್ಬರು ಹುಡುಗರ ಹೆಸರು ಕೊಟ್ಟಿದ್ದರು, ಇಬ್ಬರೂ ಟೆಕ್ನಿಕಲ್ ಶಾಲೆಯಲ್ಲಿ ಕಲಿತವರು. ನಾನು ಮೂರನೆಯವಳಾಗಿ ಆ ಹೆಂಗಸನ್ನು ಸೇರಿಸಿಕೊಳ್ಳುತ್ತೇನೆ ಎಂದೆ. ‘ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ’ ಎಂದರು. ‘ಪ್ಯಾಕೆಟ್ ಓದಲು ಬರುತ್ತದಲ್ಲ’ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಪ್ಯಾನೆಲ್ಲಿನ ಪ್ರತಿ ಗುಂಡಿಯ ಪಕ್ಕ ಅಮ್ಹಾರಿಕ್ ಲಿಪಿಯಲ್ಲಿ ಚೀಟಿ ಅಂಟಿಸಿದೆವು. ಗೇಜಿನ ಮೇಲೆ ಮಾರ್ಕರಿನಲ್ಲಿ ಹಸಿರು ಗೆರೆ, ಕೆಂಪು ಗೆರೆ. ಜಪಾನಿನ ಬೆರಳು ತೋರಿಸುವ ಪಾಠವನ್ನೂ ಹೇಳಿಕೊಟ್ಟೆ. ಹುಡುಗರು ನಾಚಿಕೊಂಡರು, ಅವಳು ಮಾತ್ರ ಜೋರಾಗಿಯೇ ಹೇಳುತ್ತಿದ್ದಳು.

ಉಳಿದ ಹದಿಮೂರು ಜನ? ಹೊರಡುವ ದಿನ ಮಾಲೀಕರನ್ನು ಕೇಳಿದೆ. ‘ಮಾರಾಟ ಹೆಚ್ಚಾದರೆ ಎಲ್ಲರಿಗೂ ಕೆಲಸವಿರುತ್ತದೆ’ ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು, ಆದರೆ ಸಾಲವಿತ್ತು. ನಾನು ಸಹಿ ಹಾಕಿಸಿಕೊಂಡ ಕಾಗದದಲ್ಲಿ ನಿಮಿಷಕ್ಕೆ ಎಷ್ಟು ಪ್ಯಾಕೆಟ್, ಎಷ್ಟು ಸೋರಿಕೆ ಎಂದಷ್ಟೇ ಇತ್ತು. ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದಾಗ, ‘ನೀನು ಹೋಗ್ದಿದ್ರೆ ಇನ್ಯಾವನಾದ್ರೂ ಹೋಗಿ ಜೋಡ್ಸಿ ಬರ್ತಿದ್ದ, ಬುಡು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆ ಯಮ್ಮನ್ಗಾದ್ರೂ ಕಲ್ಸ್ದಲ್ಲ’ ಎಂದಳು.

ಒಂದೂವರೆ ವರ್ಷದ ಮೇಲೆ ಸೆಪ್ಟೆಂಬರಿನಲ್ಲಿ ಅದೇ ಯಂತ್ರದ ಸರ್ವಿಸಿಗೆ ಮತ್ತೆ ಹೋದೆ. ಅಲ್ಲಿ ಹೊಸ ವರ್ಷ ಆಗಷ್ಟೇ ಕಳೆದಿತ್ತು. ಇಬ್ಬರು ಹುಡುಗರಲ್ಲಿ ಒಬ್ಬ ಬೇರೆ ಕೆಲಸ ಹಿಡಿದು ಹೋಗಿದ್ದ. ಯಂತ್ರ ನಡೆಸುತ್ತಿದ್ದವಳು ಅವಳೇ. ಗೇಜು ನೋಡುವ ಮೊದಲೇ ಸದ್ದಿನಲ್ಲಿ ಒತ್ತಡ ಇಳಿದದ್ದು ಅವಳಿಗೆ ತಿಳಿಯುತ್ತಿತ್ತು. ಹಳೆಯ ಹದಿಮೂರು ಜನರಲ್ಲಿ ಐವರು ಪೆಟ್ಟಿಗೆ ತುಂಬುವ ಮೇಜಿನ ಬಳಿ ಇದ್ದರು. ಒಬ್ಬಳು ಮೆರ್ಕಾಟೊದಲ್ಲಿ ಈರುಳ್ಳಿ ಮಾರುತ್ತಾಳಂತೆ. ಮಿಕ್ಕವರು ಏನಾದರು ಎಂದು ಕೇಳಿದ್ದಕ್ಕೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಕಾಫಿಯ ಎರಡನೇ ಸುತ್ತಿನಲ್ಲಿ ಅವಳು, ಇದೇ ಯಂತ್ರ ನಡೆಸುವವರಿಗೆ ನಿಮ್ಮೂರಲ್ಲಿ ಸಂಬಳ ಎಷ್ಟು ಎಂದು ಕೇಳಿಸಿದಳು. ಹೇಳಿದೆ. ಸೋದರಳಿಯ ಅದನ್ನು ಬಿರ್‌ಗೆ ಲೆಕ್ಕ ಹಾಕಿ ಹೇಳಲು ಸ್ವಲ್ಪ ಹಿಂಜರಿದ. ಅವಳು ಬಿಡಲಿಲ್ಲ. ಲೆಕ್ಕ ಕೇಳಿಸಿಕೊಂಡು ತಲೆಯಾಡಿಸಿ, ಮಾಲೀಕರು ಕುಳಿತಿದ್ದ ಕೋಣೆಯ ಕಡೆಗೆ ಬೆರಳು ತೋರಿಸಿದಳು. ಸಂಜೆ ನಾನು ಅವರ ಎದುರು ಕುಳಿತು ಸರ್ವಿಸ್ ರಿಪೋರ್ಟಿನ ಜೊತೆಗೆ ಆ ವಿಷಯವನ್ನೂ ಎತ್ತಿದೆ. ‘ಮೆಸ್ಕೆಲ್ ಹಬ್ಬ ಮುಗಿಯಲಿ, ನೋಡೋಣ’ ಎಂದರು. ಹಬ್ಬಕ್ಕೆ ಇನ್ನೂ ಹತ್ತು ದಿನವಿತ್ತು. ನನ್ನ ವಿಮಾನ ಮರುದಿನ ರಾತ್ರಿಗೆ.